ಕ್ಯಾಸನೂರು ಕಾಡಿನ ಜ್ವರಶೋಧನೆ

ಮಲೆನಾಡು ಮುಗಿಯುತ್ತ ಬಯಲುಸೀಮೆ ಇನ್ನೂ ಮೊದಲಾಗದ ನಡುವಣ ಪ್ರದೇಶದಲ್ಲಿ, ಕೆರೆಯ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ಅಡಕೆಯ ತೋಟ, ತೋಟದ ಬೆನ್ನಿಗೇ ಕಾಡು, ಹೀಗೆ ಒಂದನ್ನೊಂದು ಒತ್ತಿಕೊಂಡು ಹಬ್ಬಿರುವ ಶಿಕಾರಿಪುರ ಸೊರಬ ತಾಲ್ಲೂಕುಗಳನ್ನು ನಮ್ಮ ಇತಿಹಾಸಜ್ಞರು ತಾಳಗುಂದದ ಸ್ತಂಭಶಾಸನದಿಂದಲೂ ಬಳ್ಳಿಗಾವೆಯ ದೇವಾಲಯಗಳಿಂದಲೂ ಚಂದ್ರಗುತ್ತಿಯ ಕೋಟೆಯಿಂದಲೂ ಗುರುತಿಸುವರು. ಆದರೆ ಲೋಕದ ವೈದ್ಯಗ್ರಂಥಗಳಲ್ಲಿ ಈ ಸೀಮೆಗೆ ದೊರೆತಿರುವ ಸ್ಥಾನವು ಇವಾವುದರಿಂದಲೂ ಬಂದುದಲ್ಲ, ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಒಂದು ಕಾಡಿನಿಂದ ಬಂದುದು. ಜನರು ಮಂಗನ ಕಾಯಿಲೆಯೆಂದು ಕರೆಯುವ ಜ್ವರಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ಕ್ಯಾಸನೂರು ಅರಣ್ಯ ರೋಗ. ಆ ಜ್ವರದ ಕಾರಣವನ್ನೂ ಚಿಕಿತ್ಸೆಯನ್ನೂ ಅರಸುತ್ತ ಅರುವತ್ತು ವರ್ಷಗಳಿಗೂ ಮೀರಿ ನಡೆದುಬಂದಿರುವ ಶೋಧನಕಾರ್ಯವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ರೋಗಿಯ ಆರೈಕೆ ಈ ನೆಲಕ್ಕೆ ಹೊಸದಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಕಾಳಾಮುಖ ಯತಿಗಳ ಆ ಮಠವು ವೇದ, ವ್ಯಾಕರಣ, ದರ್ಶನಗಳ ಪಾಠಶಾಲೆಯಾಗಿದ್ದುದಲ್ಲದೆ, ದೀನರಿಗೂ ಅಂಧಬಧಿರರಿಗೂ ಅನ್ನವನ್ನು, ಅನಾಥ ರೋಗಿಗಳಿಗೆ ಚಿಕಿತ್ಸೆಯನ್ನು ಒದಗಿಸುತ್ತಿದ್ದ ಸ್ಥಾನವೂ ಆಗಿತ್ತೆಂದು ತಿಳಿಸುತ್ತದೆ. ಆದರೆ ಬಂದ ರೋಗಿಗೆ ಮದ್ದು ಕೊಡುವುದು ಬೇರೆ, ರೋಗವು ಎಲ್ಲಿಂದ ಬಂದಿತೆಂದು ಅರಸುತ್ತ ಕಾಡನ್ನು ಹೊಗುವುದು ಬೇರೆ. ಈ ಎರಡನೆಯ ವಿದ್ಯೆಯು ಇಲ್ಲಿಗೆ ಕಾಲಿಟ್ಟುದು 1957ರಲ್ಲಿ.

ಆ ವರ್ಷದ ಬೇಸಗೆಯ ಮೊದಲಿನಲ್ಲಿ ಕ್ಯಾಸನೂರು ಕಾಡಿನ ಮುಸುವಗಳೂ ಮಂಗಗಳೂ ಮರದಿಂದ ಬಿದ್ದು ಸಾಯತೊಡಗಿದವು. ಅದೇ ದಿನಗಳಲ್ಲಿ ಸುತ್ತಣ ಹಳ್ಳಿಗಳಲ್ಲಿ, ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗಿಬರುತ್ತಿದ್ದವರು ಒಬ್ಬರ ಹಿಂದೊಬ್ಬರಂತೆ ಉಗ್ರವಾದ ಜ್ವರದಿಂದ ಮಲಗಿದರು. ಹಿಂದಿನ ವರ್ಷವೂ ಇಂಥದೇ ಜ್ವರವಿದ್ದಿತೆಂಬುದು ಆಮೇಲೆ ವಿಚಾರಿಸಿದಾಗ ತಿಳಿದುಬಂದ ಸಂಗತಿ. ಮಂಗ ಸತ್ತಲ್ಲಿ ಮನುಷ್ಯನೂ ಮಲಗುತ್ತಾನೆಂಬ ಸಂಬಂಧವನ್ನು ಮೊದಲು ಕಂಡುಕೊಂಡವರು ಊರಿನವರೇ. ರೋಗಕ್ಕೆ ಅವರು ಇಟ್ಟ ಹೆಸರಿನಲ್ಲಿಯೇ ಆ ನಿರೀಕ್ಷಣೆಯು ಅಡಗಿದೆ. ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಈ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವ ವಾಡಿಕೆಯಿದೆ. ಅದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಸುದ್ದಿಯು ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದ್ದ ಆ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ಅಲ್ಲಿನವರನ್ನು ಸೊರಬದ ಕಡೆಗೆ ತ್ವರೆಯಿಂದ ಹೊರಡಿಸಿದುದು ಒಂದು ಭೀತಿ. ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ಹಳದಿ ಜ್ವರವನ್ನು ಹರಡಬಲ್ಲ ಸೊಳ್ಳೆಯು ಭಾರತದಲ್ಲಿ ಯಥೇಚ್ಛವಾಗಿದ್ದರೂ ಆ ರೋಗವು ಮಾತ್ರ ನಮ್ಮ ದೇಶವನ್ನು ಎಂದೂ ಪ್ರವೇಶಿಸಿರಲಿಲ್ಲ. ಈಗ ಪ್ರವೇಶಿಸಿತೋ ಏನೋ ಎಂಬ ಶಂಕೆಯು ಸಹಜವಾಗಿತ್ತು. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಭಾರತೀಯರಾದ ಡಿ. ಪಿ. ನರಸಿಂಹಮೂರ್ತಿ, ಪಿ. ಎನ್. ಭಟ್, ಕೆ. ಜಿ. ಕುಲಕರ್ಣಿ ಮೊದಲಾದವರು ಆ ಮೊದಲ ಶೋಧನೆಯಲ್ಲಿ ಭಾಗಿಗಳು. ಸತ್ತ ಮಂಗಗಳ ಅಂಗಾಂಶವನ್ನೂ ಜ್ವರಪೀಡಿತರ ರಕ್ತವನ್ನೂ ತೆಗೆದು, ಹಾಲುಣ್ಣುವ ಇಲಿಮರಿಗಳ ಮೆದುಳಿಗೆ ಚುಚ್ಚಿ ನೋಡಿದಾಗ ದೊರೆತ ವೈರಾಣುವು ಹಳದಿ ಜ್ವರದ್ದಲ್ಲ. ಅದು ರಷ್ಯಾ ದೇಶದ ವಸಂತ ಗ್ರೀಷ್ಮಗಳಲ್ಲಿ ಮೆದುಳು ಜ್ವರವನ್ನುಂಟುಮಾಡುವ ವೈರಾಣುವಿನ ದಾಯಾದಿ. ಆ ಕುಲದ ವೈರಾಣುಗಳನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕಾಡಿನ ನೆಲದ ಮೇಲೆ ಬಿಳಿಯ ಬಟ್ಟೆಯನ್ನು ಎಳೆದುಕೊಂಡು ನಡೆದು, ಅದಕ್ಕೆ ಹತ್ತಿದ ಉಣುಗುಗಳನ್ನು ಆಯ್ದು ಪರೀಕ್ಷಿಸಲಾಗಿ ಅವುಗಳಲ್ಲಿಯೂ ಅದೇ ವೈರಾಣುವು ಕಂಡಿತು. ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯ ಉಣುಗು ಮುಖ್ಯ ಅಪರಾಧಿಯೆಂದು ಗೊತ್ತಾಯಿತು.

ದೂರದ ರಷ್ಯಾದ ವೈರಾಣುವಿನ ಬಂಧುವು ಸೊರಬಕ್ಕೆ ಬಂದುದೆಂತು? ಸೈಬೀರಿಯದಿಂದ ಚಳಿಗಾಲದಲ್ಲಿ ಇಳಿದು ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆಂಬ ಊಹೆಯು ಹುಟ್ಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ನೇತೃತ್ವದಲ್ಲಿ ಬೊಂಬಾಯಿಯ ನಿಸರ್ಗ ಚರಿತ್ರೆ ಸಂಘವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಆರೋಪವು ಸಿದ್ಧವಾಗಲಿಲ್ಲ. ಭಾರತದ ಪಕ್ಷಿಶಾಸ್ತ್ರಕ್ಕೆ ಮಾತ್ರ ಅದರಿಂದ ಅಪಾರ ಲಾಭವಾಯಿತು. ಅಪರಾಧಿಯನ್ನು ಹುಡುಕಹೋಗಿ ನಿರಪರಾಧಿಯ ಜೀವನಚರಿತ್ರೆಯನ್ನು ಬರೆದಂತಾಯಿತು ಎನ್ನಬಹುದು.

ಇದಕ್ಕಿಂತ ನಂಬತಕ್ಕ ವಿವರಣೆಯನ್ನು ಕೊಟ್ಟವರು ಕೊಲಂಬಿಯದ ವೈದ್ಯ ಹೋರ್ಹೆ ಬೋಶೆಲ್. 1969ರಲ್ಲಿ ಪ್ರಕಟಿಸಿದ ವಿಚಾರದಲ್ಲಿ ಅವರು ರೋಗಿಯನ್ನು ಬಿಟ್ಟು ಕಾಡಿನ ಅಂಚನ್ನು ಪರೀಕ್ಷಿಸಿದರು. ವೈರಾಣುವು ಹೊಸ ಅತಿಥಿಯಲ್ಲ. ಕಾಡಿನ ಇಲಿ, ಸೊಂಡಿಲಿ ಮೊದಲಾದ ಸಣ್ಣ ಪ್ರಾಣಿಗಳಲ್ಲಿಯೂ ಅವುಗಳ ಉಣುಗುಗಳಲ್ಲಿಯೂ ಯಾರಿಗೂ ಕಾಣದಂತೆ ಬಹುಕಾಲದಿಂದ ಇದ್ದಿರಬೇಕು. ಮನುಷ್ಯನು ಕಾಡನ್ನು ಕಡಿದು ಗದ್ದೆ ಮಾಡಿ, ದನಗಳನ್ನು ಮೇಯಲು ಒಳಕ್ಕೆ ಅಟ್ಟಿದನು. ಬೆಳೆದ ಹೆಣ್ಣು ಉಣುಗಿಗೆ ದನದ ಮೈಯೇ ಅನ್ನಸತ್ರ, ಅಲ್ಲಿ ಹೊಟ್ಟೆ ತುಂಬ ರಕ್ತ ಕುಡಿದು ನೆಲಕ್ಕುದುರಿ ಮೊಟ್ಟೆಗಳನ್ನಿಡುವುದರಿಂದ ಅದರ ಸಂತತಿಯು ಬೆಳೆಯಿತು. ದನಕ್ಕೆ ಜ್ವರವಿಲ್ಲ, ದನದಿಂದ ವೈರಾಣುವೂ ಹರಡದು. ಅದು ಉಣುಗನ್ನು ಸಾಕುತ್ತದೆ, ಅಷ್ಟೆ. ಮಳೆ ನಿಂತ ಮೇಲೆ ಹೊರಬರುವ ಎಳೆಯ ಮರಿಗಳು ಒಂದು ಪ್ರಾಣಿಯ ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನ ಎರಡನೆಯ ಅವಸ್ಥೆಗೆ ಬಂದು, ತರಗೆಲೆಗಳ ಮೇಲೆ ಮುಂದಿನ ಆಹಾರಕ್ಕಾಗಿ ಕಾದಿರುತ್ತವೆ. ಮನುಷ್ಯನಿಗೆ ಅಪಾಯಕಾರಿಯಾದುದು ಈ ಅವಸ್ಥೆಯೇ. ಗದ್ದೆಯ ಕುಯಿಲು ಮುಗಿದು, ತರಗೆಲೆಗೂ ಸೌದೆಗೂ ಜನರು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಆದುದರಿಂದಲೇ ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗದ ಕಾಲ. ನಡುವೆ ಸಿಕ್ಕಿದ ಮಂಗವು ವೈರಾಣುವನ್ನು ತನ್ನ ರಕ್ತದಲ್ಲಿ ವಿಪುಲವಾಗಿ ಬೆಳೆಸಿ ಸಾಯುತ್ತದೆ, ಅದರ ಮೈಮೇಲಿನ ಉಣುಗುಗಳು ಹೆಣವನ್ನು ಬಿಟ್ಟು ಸುತ್ತಲಿನ ನೆಲಕ್ಕಿಳಿಯುತ್ತವೆ, ಆ ಜಾಗವು ರೋಗದ ಬೀಡಾಗುತ್ತದೆ. 1982ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡನ್ನು ಸವರಿದ ಮೇಲೆ ಅಲ್ಲಿ ರೋಗವು ಭೀಕರವಾಗಿ ಎದ್ದುದು ಈ ವಾದಕ್ಕೆ ಪುಷ್ಟಿಯಾಯಿತು.

ಕಾರಣವನ್ನು ಅರಸುವಾಗ ಮೊದಲು ಕಣ್ಣಿಗೆ ಬಿದ್ದುದೇ ನಿಜವೆಂದು ನಂಬಬಾರದೆಂಬುದಕ್ಕೆ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು ಇನ್ನೊಂದು ನಿದರ್ಶನ. 1975ರ ಸುಮಾರಿಗೆ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ನೋವಿನಿಂದ ಸವೆದು ನಡೆಯಲಾಗದಂತಾದಾಗ, ಕೀಟನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದುದರ ಮೇಲೆ ಸಂಶಯವು ಹೋಯಿತು. ಕಡೆಗೆ ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗವೆಂದು ತಿಳಿದುಬಂತು.

ಮಂಗನ ಕಾಯಿಲೆಯ ಲಕ್ಷಣಗಳನ್ನು 1957ರ ವೈದ್ಯರು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಬರೆದಿಟ್ಟರು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆಯಲ್ಲಿ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಸಹಿಸಲಾಗದ ಸೆಳೆತ, ಕೆಂಪೇರಿದ ಕಣ್ಣು, ಅಂಗುಳಿನಲ್ಲಿ ಸಣ್ಣ ಗುಳ್ಳೆಗಳು, ವಾಂತಿ, ಭೇದಿ. ಕೆಲವರಲ್ಲಿ ಮೂಗು, ಒಸಡು, ಕರುಳುಗಳಿಂದ ರಕ್ತಸ್ರಾವ. ಕೆಲವರಿಗೆ ಜ್ವರವು ಬಿಟ್ಟು, ಗುಣವಾಯಿತೆಂದುಕೊಂಡ ಒಂದೆರಡು ವಾರಗಳಲ್ಲಿ ಮತ್ತೆ ಬಂದು ಮೆದುಳನ್ನು ಬಾಧಿಸುತ್ತದೆ. ರೋಗ ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲವೆಂಬುದೇ ಒಂದು ಸಮಾಧಾನ. ಆದರೆ ಪ್ರಯೋಗಶಾಲೆಯಲ್ಲಿ ಈ ವೈರಾಣುವಿನೊಡನೆ ವ್ಯವಹರಿಸಿದವರಲ್ಲಿ ಹಲವರು ಇದೇ ಜ್ವರದಿಂದ ನರಳಿದರು.

ಇಷ್ಟೆಲ್ಲವನ್ನು ಕಂಡುಹಿಡಿದ ಶಾಸ್ತ್ರವು ಚಿಕಿತ್ಸೆಯ ವಿಷಯದಲ್ಲಿ ಬಡವಾಗಿಯೇ ಉಳಿದಿದೆ. ವೈರಾಣುವನ್ನೇ ಕೊಲ್ಲುವ ಔಷಧವು ಇಂದಿಗೂ ಇಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್, ಬತ್ತಿದ ದೇಹಕ್ಕೆ ದ್ರವ, ರಕ್ತಸ್ರಾವವಾದರೆ ರಕ್ತ, ಮತ್ತು ಕೆಲವು ವಾರಗಳ ವಿಶ್ರಾಂತಿ; ಎಂಟು ಶತಮಾನಗಳ ಹಿಂದೆ ಕೋಡಿಯಮಠದಲ್ಲಿ ನಡೆದ ಶುಶ್ರೂಷೆಗೆ ಸಲೈನಿನ ಬಾಟಲಿಯೂ ರಕ್ತದ ಚೀಲವೂ ಸೇರಿವೆ ಎನ್ನಬೇಕು. ಆದುದರಿಂದ ಎಲ್ಲರ ಭರವಸೆಯೂ ಲಸಿಕೆಯ ಮೇಲೆ ನಿಂತಿತು. ರಷ್ಯಾದ ರೋಗಕ್ಕಾಗಿ ಮಾಡಿದ ಲಸಿಕೆಯನ್ನು ಮೊದಲು ಪ್ರಯೋಗಿಸಿದರು, ಅದು ಫಲಿಸಲಿಲ್ಲ. ಅನಂತರ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿ ಲಸಿಕೆಯನ್ನು ಮಾಡಿದರು. 1994ರಲ್ಲಿ ಪ್ರಕಟವಾದ ಕ್ಷೇತ್ರಪರೀಕ್ಷೆಯಲ್ಲಿ ಎರಡು ಚುಚ್ಚುಮದ್ದುಗಳು ಶೇಕಡ 93.5ರಷ್ಟು ರಕ್ಷಣೆ ಕೊಟ್ಟುವೆಂದು ವರದಿಯಾಯಿತು. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದವರಿಗೆ ಆ ಅಂಕಿಯು ಶೇಕಡ 62.4ಕ್ಕೆ ಇಳಿದುದು ಕಂಡುಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಆ ಲಸಿಕೆಯ ಬಳಕೆಯು ಈಚಿನ ವರ್ಷಗಳಲ್ಲಿ ನಿಂತಿದ್ದು, ಹೊಸದೊಂದನ್ನು ಸಿದ್ಧಪಡಿಸುವ ಪ್ರಯತ್ನವು ವೈದ್ಯಕೀಯ ಸಂಶೋಧನ ಮಂಡಳಿಯಿಂದ ನಡೆದಿದೆ. ಕಾರಣವು ಒಂದು ಬೇಸಗೆಯೊಳಗೇ ತಿಳಿದುಬಂದ ರೋಗಕ್ಕೆ ನೆಚ್ಚಬಹುದಾದ ಒಂದು ಲಸಿಕೆಯು ಇಷ್ಟು ಕಾಲದ ಮೇಲೂ ಇಲ್ಲದಿರುವುದಕ್ಕೆ ವಿಜ್ಞಾನದ ಕಷ್ಟವೊಂದೇ ಕಾರಣವಾಗಲಾರದು. ಸಾಯುವವರು ಕಾಡಂಚಿನ ಕೂಲಿಕಾರರೂ ಸಣ್ಣ ರೈತರೂ ಆಗಿರುವುದೂ ಒಂದು ಕಾರಣವೆಂದು ಹೇಳದೆ ನಿರ್ವಾಹವಿಲ್ಲ.

ಮೊದಲಿಗೆ ಸೊರಬ, ಸಾಗರ, ಶಿಕಾರಿಪುರಗಳ ಎಲ್ಲೆಯೊಳಗಿದ್ದ ರೋಗವು ಇಂದು ಸಹ್ಯಾದ್ರಿಯುದ್ದಕ್ಕೂ ವಯನಾಡು, ನೀಲಗಿರಿ, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳವರೆಗೆ ಕಾಣಿಸಿಕೊಂಡಿದೆ. ಅದರ ವೈರಾಣುವಿನ ಹತ್ತಿರದ ಬಂಧುವೊಂದು 1995ರಲ್ಲಿ ಸೌದಿ ಅರೇಬಿಯದಲ್ಲಿ ಸಿಕ್ಕಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಂಭವಿಸಿದ ಸಾವುಗಳನ್ನು ಮಲೆನಾಡು ಇನ್ನೂ ಮರೆತಿಲ್ಲ. ಇಂದು ಶಿವಮೊಗ್ಗದ ಪ್ರಯೋಗಶಾಲೆಯಲ್ಲಿ ರಕ್ತಪರೀಕ್ಷೆ ನಡೆಯುತ್ತದೆ, ಆಶಾ ಕಾರ್ಯಕರ್ತೆಯರು ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಮನೆಮನೆಗೆ ತಲಪಿಸುತ್ತಾರೆ, ಮಂಗ ಸತ್ತ ಜಾಗದ ಸುತ್ತ ಔಷಧದ ಪುಡಿಯನ್ನು ಎರಚಲಾಗುತ್ತದೆ. ಈ ವ್ಯವಸ್ಥೆಯೆಲ್ಲವೂ ಚಲಿಸತೊಡಗುವುದು ಮಾತ್ರ ಊರಿನವರೊಬ್ಬರು ಕೊಡುವ ಸುದ್ದಿಯಿಂದ. ಆದುದರಿಂದ ಕಾಡಂಚಿನ ಓದುಗರಲ್ಲಿ ಬಿನ್ನಹವಿಷ್ಟೆ: ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಆ ಕಡೆ ದನವನ್ನೂ ಬಿಡದೆ, ಅಂದೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ, ಬೇಸಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಎರಡನೆಯ ದಿನಕ್ಕೆ ಕಾಯದೆ ಅಲ್ಲಿಗೇ ಕರೆದೊಯ್ಯಿರಿ.