ನಾಯಿ ಒಣದ್ರಾಕ್ಷಿ ತಿಂದರೆ?

ಪಾಯಸಕ್ಕೆಂದು ತೆಗೆದಿಟ್ಟ ಒಣದ್ರಾಕ್ಷಿಯನ್ನು ಮನೆಯ ನಾಯಿ ತಿಂದುಬಿಟ್ಟರೆ 'ಏನೂ ಆಗದು' ಎಂದು ಸುಮ್ಮನಿರಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಇಂತಿಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳುವಂತಿಲ್ಲ. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಹೃದಯಕ್ಕೂ ನರಗಳಿಗೂ ಮಾರಕ. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದ್ದರೂ ಕೆಂಪು ರಕ್ತಕಣಗಳನ್ನು ನಾಶಮಾಡಬಲ್ಲವು; ಲಕ್ಷಣಗಳು ಕೆಲವು ದಿನಗಳ ನಂತರ ಕಾಣಿಸಬಹುದು.

ಮೊದಲು ಉಳಿದದ್ದನ್ನು ನಾಯಿಗೆ ಎಟುಕದಂತೆ ತೆಗೆದಿಡಿ. ಏನು, ಎಷ್ಟು, ಯಾವಾಗ ತಿಂದಿತೆಂಬುದನ್ನೂ ನಾಯಿಯ ತೂಕವನ್ನೂ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಪೊಟ್ಟಣವನ್ನು ಜೊತೆಗೇ ಒಯ್ಯಿರಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಅದೇ ವಿಷವಾದೀತು. ತಿಂದ ಸುಮಾರು 2 ಗಂಟೆಯೊಳಗೆ ವೈದ್ಯರೇ ವಾಂತಿ ಮಾಡಿಸಿದರೆ ಹೆಚ್ಚು ಪ್ರಯೋಜನ. ಲಕ್ಷಣ ಕಾಣಲೆಂದು ಕಾದರೆ ಆ ಸಮಯ ಕೈತಪ್ಪುತ್ತದೆ.