ಕೇಡಗಾಂವ್‌ನ ‘ಮುಕ್ತಿ’: ಗಂಗಾಮೂಲದ ಮಗಳು ಕಟ್ಟಿದ ಊರು

ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆ ಜಿಲ್ಲೆಯ ಬಯಲಿನಲ್ಲಿ ಕಟ್ಟಿದ ಆಶ್ರಯಧಾಮಕ್ಕೆ ಈಗ ನೂರಿಪ್ಪತ್ತೈದು ವರ್ಷ ದಾಟಿದೆ. ಹೆಂಗಸರು, ಮಕ್ಕಳು, ಮುದುಕಿಯರು, ಕಣ್ಣಿಲ್ಲದವರು ಬದುಕು ಕಟ್ಟಿಕೊಂಡ ಈ ಸಂಸ್ಥೆಯ ಪರಿಚಯ ಇಲ್ಲಿದೆ.

1882ರಲ್ಲಿ ಶಿಕ್ಷಣದ ಸ್ಥಿತಿಗತಿ ವಿಚಾರಿಸಲು ಹಂಟರ್ ಆಯೋಗ ಪುಣೆಗೆ ಬಂದಿತ್ತು. ಸಾಕ್ಷ್ಯ ಹೇಳಲು ಬಂದವರಲ್ಲಿ ಇಪ್ಪತ್ತನಾಲ್ಕರ ಒಬ್ಬ ವಿಧವೆಯೂ ಇದ್ದರು. ಗಂಡ ಕಾಲರಾಕ್ಕೆ ತುತ್ತಾಗಿ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಪುಟ್ಟ ಹೆಣ್ಣುಕೂಸಿತ್ತು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಶಿಕ್ಷಕಿಯರು ಬೇಕು, ಅವರ ಶಾಲೆಗಳ ತನಿಖೆಗೆ ಹೆಂಗಸರೇ ಬರಬೇಕು ಎಂದು ಆಕೆ ಮರಾಠಿಯಲ್ಲಿ ವಾದಿಸಿದರು. ಅಷ್ಟಕ್ಕೇ ನಿಲ್ಲದೆ ವೈದ್ಯಕೀಯದ ಮಾತೆತ್ತಿದರು. ಈ ದೇಶದ ಹೆಂಗಸು ಗಂಡಸು ವೈದ್ಯನೆದುರು ಕಾಯಿಲೆ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳದೆಯೇ ಸಾಯುತ್ತಾಳೆ. ಆದ್ದರಿಂದ ಹೆಣ್ಣುಮಕ್ಕಳನ್ನು ವೈದ್ಯಕೀಯ ಕಾಲೇಜಿಗೆ ಸೇರಿಸಿಕೊಳ್ಳಿ ಎಂಬುದು ಅವರ ಬೇಡಿಕೆ. ಹಂಟರ್ ಆ ಸಾಕ್ಷ್ಯವನ್ನು ಇಂಗ್ಲಿಷಿಗೆ ಮಾಡಿಸಿ ಅಚ್ಚು ಹಾಕಿಸಿದರು. ಹೆಂಗಸರ ಚಿಕಿತ್ಸೆಗೆಂದು 1885ರಲ್ಲಿ ಹುಟ್ಟಿದ ಡಫರಿನ್ ನಿಧಿಯ ಹಿಂದಿನ ಪ್ರೇರಣೆಗಳಲ್ಲಿ ಇದನ್ನೂ ಎಣಿಸುವವರಿದ್ದಾರೆ.

ಆಕೆಯೇ ಪಂಡಿತಾ ರಮಾಬಾಯಿ. ಹೆಣ್ಣಿನ ನೋವಿಗೆ ಹೆಣ್ಣೇ ಮದ್ದು ಕೊಡಬೇಕು ಎಂಬ ಅಂದಿನ ಮಾತನ್ನು ಅವರು ಮುಂದೆ ಒಂದು ಊರಿನಷ್ಟು ದೊಡ್ಡದಾಗಿ ಬೆಳೆಸಿದರು. ಪುಣೆಯಿಂದ ಪೂರ್ವಕ್ಕೆ, ಸೋಲಾಪುರದ ದಾರಿಯಲ್ಲಿ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್ ಹೋದರೆ ದೌಂಡ್ ತಾಲ್ಲೂಕಿನ ಕೇಡಗಾಂವ್ ಸಿಗುತ್ತದೆ. ಅವರ ಮುಕ್ತಿ ಮಿಷನ್ ಇರುವುದು ಅಲ್ಲಿ.

ಮಾಳದ ಶಾಸ್ತ್ರಿಗಳ ಮನೆ

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಘಟ್ಟದ ಬುಡದ ಆ ಊರಿನಲ್ಲಿ ಚಿತ್ಪಾವನ ಕುಟುಂಬಗಳು ಇಂದಿಗೂ ಇವೆ. ಶಾಸ್ತ್ರಿಗಳು ಎಳೆಯರಿದ್ದಾಗ ಪುಣೆಗೆ ಓದಲು ಹೋಗಿದ್ದರು. ಅವರ ಗುರುಗಳು ಪೇಶ್ವೆ ಎರಡನೇ ಬಾಜಿರಾಯನ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದರು. ಹೆಂಗಸೂ ಸಂಸ್ಕೃತ ಓದಬಲ್ಲಳು ಎಂಬುದನ್ನು ಕಣ್ಣಾರೆ ಕಂಡವರು ಊರಿಗೆ ಮರಳಿ ತಮ್ಮ ಮನೆಯಲ್ಲೂ ಅದನ್ನೇ ಮಾಡಹೊರಟರು. ಊರವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸಿಗೆ ಸಂಸ್ಕೃತ ಹೇಳಿಕೊಡುವುದು ಶಾಸ್ತ್ರವಿರುದ್ಧವಲ್ಲ ಎಂದು ಶಾಸ್ತ್ರಿಗಳು ಆಧಾರ ಸಹಿತ ವಾದಿಸಬೇಕಾಯಿತು.

ಊರಿನ ಗೊಡವೆಯೇ ಬೇಡವೆಂದು ಅವರು ಹೆಂಡತಿ ಲಕ್ಷ್ಮೀಬಾಯಿಯೊಂದಿಗೆ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಬೆಟ್ಟದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಓದಲು ಬಂದ ಹುಡುಗರಿಗೆ, ಹಾದುಹೋಗುವ ಯಾತ್ರಿಕರಿಗೆ ಅನ್ನ ಹಾಕಿಯೇ ಶಾಸ್ತ್ರಿಗಳ ಆಸ್ತಿ ಕರಗಿತ್ತು. ಮಗುವಿಗೆ ಆರು ತಿಂಗಳಾದಾಗ ಸಂಸಾರ ಬೆಟ್ಟ ಇಳಿಯಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊತ್ತು ತಂದರಂತೆ. ಮುಂದಿನದೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ, ಹೋದಲ್ಲೆಲ್ಲ ಪುರಾಣ ಪ್ರವಚನ. ಸಂಸ್ಕೃತ ತಾಯಿಯಿಂದ ಬಂತು. ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳು ದಾರಿಯಲ್ಲಿ ಸಿಕ್ಕವು.

ಬರಗಾಲ ಆ ಸಂಸಾರವನ್ನು ಒಬ್ಬೊಬ್ಬರನ್ನಾಗಿ ನುಂಗಿತು. ಎಲೆ ತಿಂದು ದಿನ ನೂಕಿದ್ದನ್ನು ರಮಾಬಾಯಿ ಮುಂದೆ ತಾವೇ ಬರೆದಿದ್ದಾರೆ. ತಂದೆ, ತಾಯಿ, ಅಕ್ಕ ಹೋದ ಮೇಲೆ ಅಣ್ಣ ಶ್ರೀನಿವಾಸನೊಂದಿಗೆ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅವರ ಪಾಂಡಿತ್ಯ ಕಂಡ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಅಣ್ಣನೂ ತೀರಿಕೊಂಡ. ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಂದಿಗಿನ ಮದುವೆ ಎರಡು ವರ್ಷವೂ ಉಳಿಯಲಿಲ್ಲ. ಮಗಳು ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದವರು ಆರ್ಯ ಮಹಿಳಾ ಸಮಾಜ ಕಟ್ಟಿದರು. ಆಯೋಗದ ಮುಂದೆ ನಿಂತದ್ದು ಅದೇ ವರ್ಷ.

ಕಿವಿ ಕೈಕೊಟ್ಟಿತು

ಬೇರೆ ಹೆಣ್ಣುಮಕ್ಕಳನ್ನು ವೈದ್ಯರನ್ನಾಗಿ ಮಾಡಿ ಎಂದ ರಮಾಬಾಯಿಗೆ ತಾವೂ ವೈದ್ಯೆಯಾಗುವ ಆಸೆ ಇತ್ತು. 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ್ದೇ ಅದಕ್ಕೆ. ಆದರೆ ಕಿವಿ ಮಂದವಾಗುತ್ತ ಬಂದಿತ್ತು. ಕಾಲೇಜು ಸೇರುವ ದಾರಿ ಮುಚ್ಚಿತು. ಅದೇ ವರ್ಷ ಅವರು ಕ್ರೈಸ್ತ ದೀಕ್ಷೆ ಪಡೆದರು.

1886ರ ಮಾರ್ಚ್ 11ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆದಾಗ ರಮಾಬಾಯಿ ಆ ಸಮಾರಂಭದಲ್ಲಿದ್ದರು. ಕ್ಷಯಕ್ಕೆ ಸಿಕ್ಕಿದ ಆನಂದಿಬಾಯಿ ಮರುವರ್ಷ ಫೆಬ್ರುವರಿಯಲ್ಲಿ ಪುಣೆಯಲ್ಲಿ ಕಣ್ಣುಮುಚ್ಚಿದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವರಿಗೆಂದು ಕಾದಿದ್ದ ಹುದ್ದೆ ಕಾದೇ ಉಳಿಯಿತು. ಭಾರತದ ಮೇಲುಜಾತಿಯ ಹೆಂಗಸರ ಪಾಡನ್ನು ಕುರಿತು ರಮಾಬಾಯಿ 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಹೊರತಂದರು. ಅದೇ ವರ್ಷ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣ ಒದಗಿಸಲು ಒಪ್ಪಿಕೊಂಡಿತು.

ಆ ಹಣದಿಂದ ವಿಧವೆಯರಿಗಾಗಿ ಶಾರದಾ ಸದನ ಮುಂಬಯಿಯಲ್ಲಿ ಆರಂಭವಾಯಿತು. ದಿನ 1889ರ ಮಾರ್ಚ್ 11, ಆನಂದಿಬಾಯಿ ಪದವಿ ಪಡೆದ ತಾರೀಖೇ. ಮುಂದಿನ ವರ್ಷ ಸದನ ಪುಣೆಗೆ ಬಂತು. ಅಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. ಮೂರು ವರ್ಷದ ಮೇಲೆ ಕರ್ವೆಯವರೂ ವಿಧವೆಯರಿಗಾಗಿ ಆಶ್ರಮ ತೆರೆದರು. ಪುಣೆಯ ಹಿಂಗಣೆಯಲ್ಲಿ ಬೇರುಬಿಟ್ಟ ಆ ಸಂಸ್ಥೆಗೂ ಶಾರದಾ ಸದನಕ್ಕೂ ಇರುವ ನಂಟು ಇದು.

ಬರ, ಪ್ಲೇಗು, ಕೇಡಗಾಂವ್

1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಿತ್ತು. ರಮಾಬಾಯಿ ಅಲ್ಲಿಗೇ ಹೋದರು. ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಯಾರ್ಯಾರೋ ಎತ್ತಿಕೊಂಡು ಹೋಗುತ್ತಿದ್ದ ಹೊತ್ತು ಅದು. ಹಸಿವೆಂದರೇನೆಂದು ಬಲ್ಲ ಅವರು ಸುಮಾರು ಮುನ್ನೂರು ಮಂದಿಯನ್ನು ಕರೆತಂದರು. ಅಷ್ಟರಲ್ಲಿ ಪುಣೆಗೆ ಪ್ಲೇಗು ಕಾಲಿಟ್ಟಿತ್ತು. ಊರೊಳಗೆ ಅಷ್ಟು ಜನರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಸಂಸ್ಥೆಯ ಮುಂದಿನ ಖರ್ಚಿಗೆ ಹಣ್ಣಿನ ತೋಟ ಆದೀತೆಂದು ಕೇಡಗಾಂವ್‌ನಲ್ಲಿ ನೂರು ಎಕರೆ ಕೊಂಡಿದ್ದರು. ಎಲ್ಲರನ್ನೂ ಅಲ್ಲಿಗೆ ಸಾಗಿಸಿದರು. ‘ಮುಕ್ತಿ ಸದನ’ ಹುಟ್ಟಿದ್ದು ಹೀಗೆ.

ಪ್ಲೇಗಿನ ದಿನಗಳ ಇನ್ನೊಂದು ಸಂಗತಿಯನ್ನು ಮರೆಯಬಾರದು. ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನೋಡಿಕೊಳ್ಳುತ್ತಿದ್ದ ರೀತಿಯನ್ನು ಖಂಡಿಸಿ 1897ರಲ್ಲಿ ರಮಾಬಾಯಿ ಮುಂಬಯಿಯ ಪತ್ರಿಕೆಗೆ ಬರೆದರು. ಸರ್ಕಾರಕ್ಕೆ ಅದು ಮುಜುಗರ ತಂದಿತು. ವಿಲಾಯಿತಿಯಲ್ಲಿ ಪ್ಲೇಗ್ ಆಡಳಿತದ ವಿರುದ್ಧ ದನಿ ಎತ್ತಿದ ಗೋಪಾಲಕೃಷ್ಣ ಗೋಖಲೆ ರಮಾಬಾಯಿಯ ಮಾತನ್ನು ಆಧಾರವಾಗಿ ಬಳಸಿದರು. ಹದಿನೈದು ವರ್ಷದ ಹಿಂದೆ ಆಯೋಗದ ಮುಂದೆ ಆಡಿದ ಮಾತನ್ನೇ ಅವರು ಈಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮತ್ತೆ ಆಡಿದ್ದರು.

ಮನೆಯೊಳಗೆ ಮನೆ

ಬರಗಾಲದಿಂದ ಬಂದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವಂತಿಲ್ಲ. ಒಣಗಿದ ಕರುಳು ತಡೆಯುವುದಿಲ್ಲ. ಗಂಜಿಯಿಂದ ಶುರುಮಾಡಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು. ಮೈತುಂಬ ಹುಣ್ಣು, ತಲೆತುಂಬ ಹೇನು, ಕಣ್ಣುಬೇನೆ, ಭೇದಿ. ನೂರಾರು ಮಕ್ಕಳಿಗೆ ಇದನ್ನೆಲ್ಲ ಮಾಡುವವರು ಯಾರು? ಸಂಬಳದ ದಾದಿಯರನ್ನು ತರುವಷ್ಟು ಹಣವಿರಲಿಲ್ಲ, ತರೋಣವೆಂದರೂ ಅಷ್ಟು ದಾದಿಯರು ದೇಶದಲ್ಲೇ ಇರಲಿಲ್ಲ. ರಮಾಬಾಯಿ ಶಾರದಾ ಸದನದ ಹಳೆಯ ಹುಡುಗಿಯರನ್ನು ಕರೆದರು. ಕೆಲವೇ ವರ್ಷದ ಹಿಂದೆ ತಲೆ ಬೋಳಿಸಿಕೊಂಡು ಅದೇ ಬಾಗಿಲಿಗೆ ಬಂದಿದ್ದವರು ಈಗ ಹೊಸಬರಿಗೆ ತಾಯಂದಿರಾದರು, ಮೇಷ್ಟರಾದರು, ದಾದಿಯರಾದರು.

ಮುಕ್ತಿಯ ಕಟ್ಟೋಣದ ಗುಟ್ಟು ಇಷ್ಟೇ. ಆಸರೆ ಪಡೆದವಳೇ ನಾಳೆ ಆಸರೆ ಕೊಡುವವಳು. 1900ರ ಗುಜರಾತ್ ಬರದ ಹೊತ್ತಿಗೆ ಒಟ್ಟು ಮಂದಿ ಎರಡು ಸಾವಿರದ ಹತ್ತಿರ ಬಂದರೂ ವ್ಯವಸ್ಥೆ ಕುಸಿಯದಿದ್ದುದು ಇದರಿಂದ. ಗುಂಪು ದೊಡ್ಡದಾದಷ್ಟೂ ಅದನ್ನು ಚಿಕ್ಕಚಿಕ್ಕ ಮನೆಗಳಾಗಿ ಒಡೆದು, ಮನೆಗೊಬ್ಬ ಹಿರಿಯಳನ್ನು ನೇಮಿಸುತ್ತ ಹೋದರು.

ಒಂದೊಂದು ಪಾಡಿಗೆ ಒಂದೊಂದು ಸದನ. ಗಂಡಸರಿಂದ ಮೋಸಹೋಗಿ, ರೋಗ ಹತ್ತಿಸಿಕೊಂಡು, ಯಾವ ಮನೆಯೂ ಸೇರಿಸಿಕೊಳ್ಳದ ಹೆಂಗಸರಿಗೆ ಕೃಪಾ ಸದನ. ಮುದುಕಿಯರಿಗೆ, ಮೈಯಲ್ಲಿ ಕಸುವಿಲ್ಲದವರಿಗೆ ಪ್ರೀತಿ ಸದನ. ಅನಾಥ ಗಂಡುಹುಡುಗರಿಗೆ ಸದಾನಂದ ಸದನ. ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಬೇರೆಯೇ ಶಾಲೆ. ಅಮೆರಿಕದಲ್ಲಿ ಬ್ರೈಲ್ ಕಲಿತು ಬಂದ ಮನೋರಮಾಬಾಯಿ ಅದನ್ನು ಇಲ್ಲಿಗೆ ತಂದರು. ಕಣ್ಣಿಲ್ಲದವಳು ಹಾಡಿಯೋ ಬೇಡಿಯೋ ಬದುಕಬೇಕು ಎಂದು ಜನ ತಿಳಿದಿದ್ದ ಕಾಲದಲ್ಲಿ ಇಲ್ಲಿ ಅವರು ಬೆರಳಿಂದ ಓದಿದರು, ಹೆಣಿಗೆ ಕಲಿತರು, ಕಲಿತದ್ದನ್ನು ಕಲಿಸಿದರು.

ಕೆಲಸಗಳ ಪಟ್ಟಿ ಒಂದು ಊರಿನ ಕಸುಬುಗಳ ಪಟ್ಟಿಯಂತೆಯೇ ಇದೆ: ಮಗ್ಗ, ಹೊಲಿಗೆ, ಹೈನು, ಗಾಣ, ತೋಟ, ಬಡಗಿ ಕೆಲಸ, ದಾದಿ ಕೆಲಸ, ಅಚ್ಚುಕೂಟ. ಬಾವಿಗಳನ್ನು ತೋಡಿಸಿದ್ದರಿಂದ ಆ ಒಣಬಯಲಿನಲ್ಲಿ ತರಕಾರಿ ಬೆಳೆಯಿತು. ಎಲ್ಲದರಲ್ಲೂ ವಿಶೇಷವಾದದ್ದು ಅಚ್ಚುಕೂಟ. ಬರಗಾಲದಲ್ಲಿ ಬಂದಾಗ ಅಕ್ಷರದ ಗಂಧವಿಲ್ಲದ ಹುಡುಗಿಯರು ಇಲ್ಲಿ ಮೊಳೆ ಜೋಡಿಸಲು ಕುಳಿತರು. ಒಂದೊಂದೇ ಸೀಸದ ಅಕ್ಷರ ಆರಿಸಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುವ ಸಾಲನ್ನು ಓದಿ, ತಪ್ಪು ತಿದ್ದಿ, ಪುಟ ಕಟ್ಟುವ ಕೆಲಸ ಅದು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಕೂತು ಮೂಲದಿಂದಲೇ ಮರಾಠಿಗೆ ತಂದ ಬೈಬಲ್ಲು ಅಚ್ಚಾದದ್ದು ಈ ಕೈಗಳಿಂದ. ಓದು ಬಾರದ ಹಳ್ಳಿಯ ಹೆಂಗಸಿಗೂ ಕೇಳಿದರೆ ತಿಳಿಯಬೇಕು ಎಂಬುದು ಅವರ ಹಟವಾಗಿತ್ತು. ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ಅನುವಾದದ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು.

ಎದುರು ಮಾತು

ಈ ಕಥೆಯಲ್ಲಿ ಜಗಳವೂ ಇದೆ. ಶಾರದಾ ಸದನ ಶುರುವಾದಾಗ ಧರ್ಮದ ವಿಷಯದಲ್ಲಿ ಯಾರ ಮೇಲೂ ಒತ್ತಾಯವಿಲ್ಲ ಎಂಬ ಕರಾರಿತ್ತು; ಸಂಪ್ರದಾಯದ ಮನೆಗಳಿಂದ ಬಂದವರು ತಮ್ಮ ಆಚಾರದಂತೆ ಉಣ್ಣಬಹುದಿತ್ತು. ಕೆಲವು ಹುಡುಗಿಯರು ರಮಾಬಾಯಿಯ ಪ್ರಾರ್ಥನೆಗೆ ಹೋಗತೊಡಗಿದಾಗ ಪುಣೆ ಸಿಡಿಯಿತು. ತಿಲಕರ ‘ಕೇಸರಿ’ ಟೀಕೆಯ ಮಳೆಗರೆಯಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರಕರರಂಥ ಬೆಂಬಲಿಗರೇ 1893ರಲ್ಲಿ ಹೊರಬಂದರು. ಹಲವು ಮನೆಗಳವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಗಿಲು ತೆರೆದಿಟ್ಟುಕೊಂಡು ಪ್ರಾರ್ಥಿಸುತ್ತೇನೆ, ಬರುವವರನ್ನು ತಡೆಯುವುದಿಲ್ಲ ಎಂಬುದು ರಮಾಬಾಯಿಯ ನಿಲುವಾಗಿತ್ತು. ಕೇಡಗಾಂವ್‌ನ ಮುಕ್ತಿಯಂತೂ ಮೊದಲಿಂದಲೇ ಬಹಿರಂಗವಾಗಿ ಕ್ರೈಸ್ತ ಸಂಸ್ಥೆ. ಪಂಡಿತೆಯೆಂದು ಹೊತ್ತು ಮೆರೆಸಿದ ಸಮಾಜವೇ ಅವರನ್ನು ಬಹುಕಾಲ ಬದಿಗಿಟ್ಟದ್ದಕ್ಕೆ ಈ ಜಗಳವೇ ಮುಖ್ಯ ಕಾರಣ. ಅವರ ನಂಬಿಕೆಯನ್ನು ಒಪ್ಪದವರೂ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಆ ಬರದ ವರ್ಷ ಆ ಮಕ್ಕಳನ್ನು ಎತ್ತಿಕೊಳ್ಳಲು ಬೇರೆ ಯಾರು ಹೋಗಿದ್ದರು?

ಕಲಬುರ್ಗಿಯ ಕೊಂಡಿ

ಹುಟ್ಟಿದ ನಾಡಿನ ಕಡೆಗೆ ಮುಕ್ತಿ ಒಮ್ಮೆ ಕೈಚಾಚಿದ್ದುಂಟು. 1912ರಲ್ಲಿ ಅಂದಿನ ನಿಜಾಮ್ ಸೀಮೆಯ ಗುಲ್ಬರ್ಗದಲ್ಲಿ ಶಾಂತಿ ಸದನ ಎಂಬ ಶಾಲೆ ಆರಂಭವಾಯಿತು. ಅದರ ಮುಖ್ಯಸ್ಥೆಯಾದವರು ಮನೋರಮಾಬಾಯಿ. ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಆ ಸೀಮೆಯನ್ನು ಆರಿಸಿಕೊಂಡದ್ದೇ ತಾಯಿಮಗಳ ಧೋರಣೆಯನ್ನು ಹೇಳುತ್ತದೆ. ಕರಾವಳಿಯ ಮಾಳ, ಮಲೆನಾಡಿನ ಗಂಗಾಮೂಲ, ಬಯಲುಸೀಮೆಯ ಕಲಬುರ್ಗಿ, ಈ ಮೂರೂ ಇಂದು ಕರ್ನಾಟಕದಲ್ಲಿವೆ. ಆದರೂ ರಮಾಬಾಯಿಯೆಂದರೆ ಮಹಾರಾಷ್ಟ್ರದವರು ಎಂದು ನಾವು ಸುಮ್ಮನಾಗಿದ್ದೇವೆ. ಬ್ರಿಟಿಷ್ ಸರ್ಕಾರ 1919ರಲ್ಲಿ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1989ರಲ್ಲಿ ಭಾರತೀಯ ಅಂಚೆ ಅವರ ಚೀಟಿ ಹೊರತಂದಿತು. ಕನ್ನಡದ ಪಠ್ಯಗಳಲ್ಲಿ ಮಾತ್ರ ಅವರಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು.

ಇಂದಿನ ಮುಕ್ತಿ

ರಮಾಬಾಯಿಯ ನಂತರವೂ ಸಂಸ್ಥೆ ನಿಲ್ಲಲಿಲ್ಲ. ಮಕ್ಕಳ ಮನೆಗಳು, ಶಾಲೆ, ಆಶ್ರಯ ಬೇಡಿ ಬಂದ ಹೆಂಗಸರ ವಸತಿ, ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆ ಇಂದಿಗೂ ಅದರ ಕೆಲಸ. ಸುತ್ತಲ ಹಳ್ಳಿಗಳವರಿಗೂ ತೆರೆದಿರುವ ಆಸ್ಪತ್ರೆಯಿದೆ. ಆಗ ಬರ ತಂದು ಹಾಕುತ್ತಿದ್ದ ಮಕ್ಕಳನ್ನು ಈಗ ಕಾನೂನು ಕಳಿಸುತ್ತದೆ: 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಮಗುವನ್ನು ಯಾವ ಮನೆಗೆ ಸೇರಿಸಬೇಕೆಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಮುದುಕಿಯರ ವಿಷಯಕ್ಕೆ ಅಂಥ ಸಮಿತಿ ಇಲ್ಲ. ಮಕ್ಕಳಿದ್ದೂ ಒಂಟಿಯಾದವರ ಸಂಖ್ಯೆ ಏರುತ್ತಿರುವ ನಮ್ಮ ಕಾಲಕ್ಕೆ ಪ್ರೀತಿ ಸದನದ ಯೋಚನೆ ಅಂದಿಗಿಂತ ಹತ್ತಿರದ್ದು.

ಹೋಗಬಯಸುವವರಿಗೆ ದಾರಿ ಸುಲಭ. ಕಲಬುರ್ಗಿ, ಸೋಲಾಪುರದ ಮೇಲೆ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕೇಡಗಾಂವ್ ಮೇಲೆಯೇ ಹಾಯುತ್ತದೆ. ದೌಂಡಿನಲ್ಲೋ ಪುಣೆಯಲ್ಲೋ ಇಳಿದು ಲೋಕಲ್ ಗಾಡಿ ಹಿಡಿಯಬಹುದು. ರಸ್ತೆಯಲ್ಲಾದರೆ ಪುಣೆ–ಸೋಲಾಪುರ ಹೆದ್ದಾರಿಯ ಚೌಫುಲಾದಲ್ಲಿ ತಿರುಗಬೇಕು. ಮೊದಲೇ ಬರೆದು ಅನುಮತಿ ಪಡೆಯಿರಿ. ಜನ ವಾಸವಿರುವ ಮನೆಗಳು ಅವು, ಪ್ರವಾಸಿ ತಾಣವಲ್ಲ. ಮಕ್ಕಳ ಗುರುತು ಹೊರಗೆಡಹುವುದು ಅಪರಾಧವಾದ್ದರಿಂದ ಅವರ ಫೋಟೋ ಬೇಡ. ಹುಟ್ಟುಹಬ್ಬಕ್ಕೆ ಒಂದು ದಿನದ ಸಿಹಿಯೂಟ ಹಾಕಿಸಿ ಬರುವುದು ನಮ್ಮಲ್ಲಿ ರೂಢಿ. ಅದಕ್ಕಿಂತ, ಒಬ್ಬ ಹುಡುಗಿಗೆ ನರ್ಸಿಂಗ್ ಓದಿಸುವ ಖರ್ಚು ವಿಚಾರಿಸಿ ನೋಡಿ. ಮುಕ್ತಿಯಲ್ಲಾದರೂ ಸರಿ, ನಿಮ್ಮ ಊರಿನ ಯಾವುದೇ ಆಶ್ರಮದಲ್ಲಾದರೂ ಸರಿ. 1882ರಲ್ಲಿ ರಮಾಬಾಯಿ ಸರ್ಕಾರವನ್ನು ಕೇಳಿದ್ದೂ ಇಂಥದ್ದನ್ನೇ: ಹೆಣ್ಣುಮಕ್ಕಳಿಗೆ ವೈದ್ಯಕೀಯ ಓದು.