ಬಾಣದ ಬೆಂಕಿ, ಗೋಡೆಯ ಬಣ್ಣ

2023ರ ಆಗಸ್ಟ್ 23, ಬುಧವಾರ. ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಕಾಲೂರಿತು. ಟಿ.ವಿ. ಮುಂದೆ ಕೂತಿದ್ದ, ಶ್ರೀರಂಗಪಟ್ಟಣದ ಬಳಿಯ ನಮ್ಮ ಪಾಲಹಳ್ಳಿಯ ಹುಡುಗರು ಬೀದಿಗೆ ಓಡಿದರು. ಯಾರೋ ಒಂದು ರಾಕೆಟ್ ಪಟಾಕಿ ಹಚ್ಚಿದರು. ಅದು ಕಬ್ಬಿನ ಗದ್ದೆ ದಾಟಿ ವಿರಿಜಾ ನಾಲೆಯ ಆಚೆ ಸಿಡಿಯಿತು. ಪಕ್ಕದ ಮನೆಯ ಅಜ್ಜಿ ಹೊಸಿಲಿಗೆ ಬಂದು ಕೇಳಿದರು: "ಯಾರ್ಲಾ ಅದು, ಬಾಣ ಬುಟ್ಟೋನು?"

ರಾಕೆಟ್ ಎಂಬ ಮಾತು ಅಜ್ಜಿಯ ಬಾಯಿಗೆ ಬರಲೇ ಇಲ್ಲ. ಹಳೇ ಮೈಸೂರು ಸೀಮೆಯ ಹಿರಿಯರಿಗೆ ಪಟಾಕಿ ಅಂದರೆ ಬಾಣ ಬಿರುಸು. ಮೇಲಕ್ಕೆ ಹಾರುವುದು ಬಾಣ, ನೆಲದಲ್ಲೇ ಹೂವಾಗುವುದು ಬಿರುಸು. ಆ ಒಂದು ಮಾತನ್ನು ಹಿಡಿದು ಹಿಂದಕ್ಕೆ ಹೋದರೆ ನಮ್ಮ ಊರಿನ ಮಗ್ಗುಲಲ್ಲೇ ಇರುವ ಒಂದು ಗೋಡೆಯ ಮುಂದೆ ನಿಲ್ಲುತ್ತೇವೆ.

ಪಾಲಹಳ್ಳಿಯನ್ನು ಹೊರಗಿನವರು ಬಲ್ಲದ್ದು ಸಕ್ಕರೆಯಿಂದ. 1847ರಲ್ಲಿ ಇಲ್ಲಿ ಶುರುವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದಕ್ಕೆ ಪದಕವೂ ಬಂತು. ಅದಕ್ಕೂ ಅರ್ಧ ಶತಮಾನದ ಹಿಂದೆ ಕಾವೇರಿಯ ಇದೇ ದಕ್ಷಿಣ ದಡ ಬೇರೆ ಬೆಂಕಿಯನ್ನು ಕಂಡಿತ್ತು. 1799ರ ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ ಎಂಬ ಇಂಗ್ಲಿಷ್ ಕರ್ನಲ್ ಸುಲ್ತಾನಪೇಟೆಯ ತೋಪಿಗೆ ತನ್ನ ಸೈನಿಕರೊಂದಿಗೆ ನುಗ್ಗಿದ. ಕತ್ತಲೊಳಗಿಂದ ಮೈಸೂರಿನ ದೊರೆ ಟಿಪ್ಪುವಿನ ಬಂದೂಕಿನ ಗುಂಡುಗಳೂ ಬಾಣಗಳೂ, ಎಂದರೆ ಯುದ್ಧದ ರಾಕೆಟ್ಟುಗಳೂ, ಒಟ್ಟಿಗೆ ಬಂದವು. ತುಕಡಿ ಚದುರಿತು, ಕೆಲವರು ಸೆರೆಸಿಕ್ಕರು, ಕರ್ನಲ್ ಹಿಂದಿರುಗಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ.

ಆ ಬಾಣದ ಹೆಚ್ಚುಗಾರಿಕೆ ಅದರ ಕಬ್ಬಿಣದಲ್ಲಿತ್ತು. ಯುರೋಪಿನವರ ಬಾಣಕ್ಕೆ ಕಾಗದದ, ರಟ್ಟಿನ ಕೊಳವೆ. ಮದ್ದನ್ನು ಗಟ್ಟಿಯಾಗಿ ಜಡಿದರೆ ಒತ್ತಡಕ್ಕೆ ಕೊಳವೆಯೇ ಒಡೆಯುತ್ತಿತ್ತು. ಮೈಸೂರಿನ ಕುಲುಮೆಗಳಲ್ಲಿ ಬಡಿದ ಕಬ್ಬಿಣದ ಕೊಳವೆ ಆ ಒತ್ತಡವನ್ನು ತಡೆಯಿತು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಮದ್ದು ಉರಿದು, ಬಿಸಿ ಗಾಳಿ ಹಿಂದಿನ ಸಣ್ಣ ಕಂಡಿಯಿಂದ ಮಾತ್ರ ಹೊರಗೆ ನುಗ್ಗುವುದರಿಂದ ಬಾಣ ಒಂದು ಕಿಲೋಮೀಟರಿಗೂ ಮೀರಿ ಹಾರುತ್ತಿತ್ತು. ದಾರಿ ತಪ್ಪದಿರಲಿ ಎಂದು ಕೊಳವೆಗೆ ಉದ್ದನೆಯ ಬಿದಿರನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿದಿರನ್ನು ತೆಗೆದು ಅದರ ಜಾಗದಲ್ಲಿ ಕಂಪ್ಯೂಟರನ್ನು ಇಟ್ಟರೆ ಮೂಲ ತತ್ವ ಇಂದಿನ ಉಡಾವಣಾ ವಾಹನದ್ದೇ. ಬೆಂಗಳೂರಿನ ತಾರಾಮಂಡಲಪೇಟೆ ಬಾಣಗಾರರ ಕೇರಿಯಾಗಿತ್ತು ಎನ್ನುತ್ತಾರೆ. ಯುದ್ಧದ ಸರಕಿಗೆ ನಕ್ಷತ್ರಗಳ ಹೆಸರು ಹೊತ್ತ ಪೇಟೆ!

ಈಗ ಗೋಡೆಯ ವಿಷಯ. ಗಂಜಾಂ ದಾರಿಯಲ್ಲಿರುವ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಕಟ್ಟಿಸಿದ್ದು 1784ರಲ್ಲಿ. ಅದರ ಪಶ್ಚಿಮ ಗೋಡೆಯ ಮೇಲೆ ಪೊಲ್ಲಿಲೂರು ಕದನದ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ಪಡೆಯನ್ನು ಮುರಿದ ದಿನ ಅದು. ಕೆಂಪಂಗಿ ತೊಟ್ಟ ಇಂಗ್ಲಿಷ್ ಸಿಪಾಯಿಗಳು ಚೌಕಾಕಾರದಲ್ಲಿ ಒತ್ತರಿಸಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯೊಳಗೆ ಗಾಯಗೊಂಡ ಬೈಲಿ. ಆಚೆ ದುರ್ಬೀನು ಹಿಡಿದ ಫ್ರೆಂಚ್ ಸರದಾರ ಲಾಲಿ. ಎಲ್ಲಕ್ಕೂ ಮಿಗಿಲಾಗಿ, ಚೌಕದ ಒಳಗೇ ಸಿಡಿಯುತ್ತಿರುವ ಮದ್ದಿನ ಬಂಡಿ. ಬಾಣ ತಾಗಿಯೇ ಆ ಬಂಡಿ ಸಿಡಿಯಿತು ಎಂಬ ಮಾತು ಬಹಳ ಕಾಲದಿಂದ ಇದೆ. ಫಿರಂಗಿಯ ಗುಂಡು ಎನ್ನುವವರೂ ಇದ್ದಾರೆ. ಹೇಗೇ ಸಿಡಿದಿರಲಿ, ಚಿತ್ರಕಾರ ಇಡೀ ಕದನವನ್ನು ಆ ಒಂದು ಬೆಂಕಿಯ ಸುತ್ತ ಕಟ್ಟಿದ್ದಾನೆ. ಬೈಲಿ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಬಂದ, 1782ರಲ್ಲಿ ಇಲ್ಲೇ ತೀರಿಕೊಂಡ.

ಈ ಚಿತ್ರ ಉಳಿದ ಬಗೆಯೇ ಒಂದು ಕಥೆ. 1799ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ಹಾಕಿದ ಮುತ್ತಿಗೆಗೆ ಮೊದಲೇ ಅದು ಕೆಟ್ಟಿತ್ತು. ಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್ತಿನಲ್ಲಿ ವಾಸಕ್ಕೆ ಬಂದವನು, ಸುಲ್ತಾನಪೇಟೆಯ ತೋಪಿನಲ್ಲಿ ಬಾಣದ ಬಿಸಿ ಕಂಡಿದ್ದ ಅದೇ ವೆಲ್ಲೆಸ್ಲಿ. ತನ್ನವರು ಸೋತ ಚಿತ್ರವನ್ನು ಅವನೇ ಸರಿಮಾಡಿಸಿದ. ಆಮೇಲೆ ಯಾರೋ ಅದಕ್ಕೆ ಸುಣ್ಣ ಬಳಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಪ್ರವಾಸಕ್ಕೆ ಬಂದಾಗ, ಮೂಲ ಚಿತ್ರವನ್ನು ನೆನಪಿಟ್ಟಿದ್ದ ನಮ್ಮ ನಾಡಿನ ಒಬ್ಬ ಚಿತ್ರಕಾರನಿಂದ ಮತ್ತೆ ಬರೆಸಿದ. ಆ ಚಿತ್ರಕಾರನ ಹೆಸರನ್ನು ಯಾರೂ ಬರೆದಿಡಲಿಲ್ಲವಲ್ಲ ಎಂಬ ನೋವು ಆ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಆಗುತ್ತದೆ. ಇಂದು ನಾವು ನೋಡುತ್ತಿರುವುದು ಅವನ ನೆನಪನ್ನು. ಇದೇ ಕದನವನ್ನು 24 ಹಾಳೆಗಳ ಮೇಲೆ, ಸುಮಾರು 32 ಅಡಿ ಉದ್ದಕ್ಕೆ ಬರೆದ ಇನ್ನೊಂದು ಚಿತ್ರ 2022ರ ಮಾರ್ಚಿನಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ಬಾಣಗಳೂ ಲಂಡನ್ನಿಗೆ ಹೋದವು. ವುಲಿಚ್‌ನ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಮೈಸೂರಿನ ಮಾದರಿಯನ್ನು ಮುಂದಿಟ್ಟುಕೊಂಡು ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿಗೆ ಸಿಕ್ಕಿತು. 1814ರಲ್ಲಿ ಅಮೆರಿಕದ ಮೆಕ್‌ಹೆನ್ರಿ ಕೋಟೆಯ ಮೇಲೆ ಅದು ಉರಿಯಿತು. ಅಮೆರಿಕನ್ನರ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟಿನ ಬೆಳಕು ಆ ರಾತ್ರಿಯದು.

ಆ ಅಮೆರಿಕದಲ್ಲೇ 1963ರಲ್ಲಿ, ತರಬೇತಿಗೆಂದು ನಾಸಾಕ್ಕೆ ಹೋಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ವಾಲಪ್ಸ್ ದ್ವೀಪದ ಉಡಾವಣಾ ಕೇಂದ್ರದ ಸ್ವಾಗತ ಕೋಣೆಯಲ್ಲಿ ಒಂದು ಚಿತ್ರ ಕಂಡರು. ಯುದ್ಧದ ದೃಶ್ಯ, ಹಿಂದೆ ಹಾರುತ್ತಿರುವ ಬಾಣಗಳು. ಬಾಣ ಬಿಡುತ್ತಿದ್ದವರ ಮೈಬಣ್ಣ ಬಿಳಿಯದಾಗಿರಲಿಲ್ಲ. ಹತ್ತಿರ ಹೋಗಿ ನೋಡಿದರೆ, ಇಂಗ್ಲಿಷರ ಮೇಲೆ ಹೋರಾಡುತ್ತಿರುವ ಟಿಪ್ಪುವಿನ ಸೇನೆ. ನಮ್ಮಲ್ಲಿ ಮರೆತದ್ದನ್ನು ಭೂಮಿಯ ಆಚೆ ಬದಿಯವರು ಗೋಡೆಗೆ ಹಾಕಿ ಗೌರವಿಸಿದ್ದಾರೆ ಎಂದು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅದೇ ವರ್ಷ ನವೆಂಬರ್ 21ರಂದು ಕೇರಳದ ತುಂಬಾದಲ್ಲಿ ನಮ್ಮ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿತು. ಮೈಸೂರು ಬಾಣದ ಚರಿತ್ರೆಯನ್ನು ವಿಜ್ಞಾನಿಯ ಕಣ್ಣಿನಿಂದ ಕೂಲಂಕಷವಾಗಿ ಬರೆದವರು ಬೆಂಗಳೂರಿನ ರೊದ್ದಂ ನರಸಿಂಹ. 1985ರಲ್ಲಿ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಪಕ್ಕಪಕ್ಕ ಇಟ್ಟು ತೂಗಿದರು.

ಆ ಬಾಣಗಳ ಕಬ್ಬಿಣವೂ ಪೂರಾ ಕಳೆದುಹೋಗಿರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಬತ್ತಿದ ಬಾವಿಯೊಂದರ ಮಣ್ಣಿನಿಂದ ಮದ್ದಿನ ವಾಸನೆ ಬಂದು, ಅಗೆದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಸಿಕ್ಕವು.

ಸ್ವತಂತ್ರ ಭಾರತದಲ್ಲಿ ಬಾಣದ ಚಿತ್ರ ಗೋಡೆಯಿಂದ ಜೇಬಿಗೆ ಇಳಿಯಿತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಅದರ ಚಿತ್ರ ಎರಡು ರೂಪಾಯಿ ನೋಟಿನ ಹಿಂಬದಿಗೆ ಬಂತು. ಸಂತೆಯಲ್ಲಿ ಸೊಪ್ಪು ಮಾರುವವರ ಕೈಯಲ್ಲೂ ಉಪಗ್ರಹ! 2016ರ ಎರಡು ಸಾವಿರದ ನೋಟಿನಲ್ಲಿ ಮಂಗಳಯಾನ ಬಂತು, ಆ ನೋಟು ಅಚ್ಚಾದದ್ದು ನಮ್ಮ ಪಕ್ಕದ ಮೈಸೂರಿನ ಮುದ್ರಣಾಲಯದಲ್ಲೂ ಹೌದು. ಚಂದ್ರಯಾನ-3 ಇಳಿದ ವರ್ಷ ಊರೂರಿನ ಗಣಪತಿ ಪೆಂಡಾಲುಗಳಲ್ಲಿ ಥರ್ಮೋಕೋಲಿನ ವಿಕ್ರಮ್ ನಿಂತಿತು. ಬಿದಿರು, ಬಣ್ಣದ ಕಾಗದ, ಅಂಟು ಹಿಡಿದು ಹುಡುಗರು ರಾತ್ರಿಯೆಲ್ಲ ಕೂತು ಮಾಡಿದ ಆ ಮಾದರಿಗಳನ್ನು ನಾನು ಕಲೆ ಎಂದೇ ಕರೆಯುತ್ತೇನೆ.

ಕಲೆ ಚಂದ್ರನವರೆಗೂ ಹೋಗಿದೆ. ವಿಕ್ರಮ್‌ನಿಂದ ಕೆಳಗಿಳಿದ ಪ್ರಗ್ಯಾನ್ ರೋವರಿನ ಹಿಂದಿನ ಚಕ್ರಗಳಲ್ಲಿ ಅಶೋಕನ ಸಿಂಹಲಾಂಛನವನ್ನೂ ಇಸ್ರೋ ಗುರುತನ್ನೂ ಕೆತ್ತಿದ್ದರು. ಅಂಗಳದಲ್ಲಿ ರಂಗೋಲಿ ಕೊಳವೆ ಉರುಳಿಸಿದಂತೆ ಚಕ್ರ ಉರುಳಿದಲ್ಲೆಲ್ಲ ಅಚ್ಚು ಬೀಳಬೇಕೆಂಬ ಆಸೆ. ಅಲ್ಲಿನ ಮಣ್ಣು ಉಂಡೆಗಟ್ಟುವ ಜಾತಿಯದು, ಅಚ್ಚು ಎಣಿಸಿದಷ್ಟು ಸ್ಪಷ್ಟವಾಗಿ ಮೂಡಲಿಲ್ಲ. ಮೂಡದೆ ಹೋದ ರಂಗೋಲಿಯೇ ಆ ಮಣ್ಣಿನ ಗುಣವನ್ನು ಹೇಳಿತು.

ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ಮಾಡಿ ರೋವರಿನಲ್ಲಿ ಇಟ್ಟಿದ್ದ ಲಿಬ್ಸ್ ಎಂಬ ಉಪಕರಣ ಆ ಮಣ್ಣಿಗೆ ಲೇಸರ್ ಕಿರಣ ಹೊಡೆಯಿತು. ಕಾದ ಮಣ್ಣು ಒಂದು ಕ್ಷಣ ಬೆಳಗಿ, ಒಳಗಿನ ಧಾತುಗಳು ತಮ್ಮ ತಮ್ಮ ಬಣ್ಣ ತೋರಿಸಿದವು. ಬಾಣ ಬಿರುಸು ಮಾಡುವವರ ಗುಟ್ಟೂ ಇದೇ: ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ. ಚಂದ್ರನ ಧ್ರುವದ ಬಳಿ ಹಾಗೆ ಸಿಕ್ಕ ಧಾತುಗಳಲ್ಲಿ ಗಂಧಕವೂ ಒಂದು. ಶ್ರೀರಂಗಪಟ್ಟಣದ ಮದ್ದಿನಲ್ಲಿದ್ದ ಗಂಧಕ! ಇನ್ನೊಂದು ಉಪಕರಣ 103 ಮೀಟರ್ ದಾರಿಯಲ್ಲಿ 23 ಕಡೆ ಮಣ್ಣು ಪರೀಕ್ಷಿಸಿತು. ಚಂದ್ರ ಹುಟ್ಟಿದ ಹೊಸತರಲ್ಲಿ ಅದರ ಮೈಯೆಲ್ಲ ಕರಗಿದ ಶಿಲೆಯ ಕಡಲಾಗಿತ್ತು ಎಂಬ ವಾದಕ್ಕೆ ಅಲ್ಲಿ ಬಲವಾದ ಆಧಾರ ದೊರಕಿ, 2024ರ ಆಗಸ್ಟಿನಲ್ಲಿ ಅದು ಪ್ರಕಟವಾಯಿತು. ಶಿಲೆಯ ಕಡಲು ಆರಿ ಹೆಪ್ಪುಗಟ್ಟಿದ್ದನ್ನು ನಮ್ಮ ಚಿತ್ರಕಾರರು ಇನ್ನೂ ಬರೆಯಬೇಕಾಗಿದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಹೆಪ್ಪಾಗುವುದನ್ನು ಕಂಡ ನಮ್ಮ ಕಡೆಯ ಹುಡುಗನೋ ಹುಡುಗಿಯೋ ಅದನ್ನು ಬರೆಯಲಿ ಎಂಬುದು ನನ್ನ ಆಸೆ.

ಕೆ.ಆರ್.ಎಸ್. ಅಣೆಕಟ್ಟು ನೋಡಲು ಹೊರಟ ಶಾಲಾ ಬಸ್ಸುಗಳು ದಿನವೂ ಪಾಲಹಳ್ಳಿಯನ್ನು ಹಾದುಹೋಗುತ್ತವೆ. ಮೇಷ್ಟ್ರುಗಳೇ, ಮೇಡಂಗಳೇ, ಬೃಂದಾವನದ ಕಾರಂಜಿ ಸಂಜೆಯವರೆಗೂ ಕಾಯುತ್ತದೆ. ಅದಕ್ಕೆ ಮೊದಲು ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಮುಂದೆ ಮಕ್ಕಳನ್ನು ಅರ್ಧ ಗಂಟೆ ನಿಲ್ಲಿಸಿ, ಸಿಡಿಯುತ್ತಿರುವ ಆ ಮದ್ದಿನ ಬಂಡಿಯನ್ನು ತೋರಿಸಿ. ಬಣ್ಣಕ್ಕೆ ಕೈ ಮಾತ್ರ ತಾಗಿಸಬೇಡಿ.